ಹನ್ನೊಂದು ಕೆಂಪು ಮಣಿಗಳು

ಕಾಮಾಂಗ್
೧೨ ಜೂನ್ ೧೯೯೭, ಗುರುವಾರ

ನನ್ನ ಮನೆಗೆ ನಡುಗಂಬವಾಗಬೇಕಾದ ಮೊಮ್ಮಗಳು ಯುಲ್ಫಾನಿಗೆ,

ಅಸ್ಸಲಾಮು ಅಲೈಕುಮ್. ನಿನ್ನ ಅಮ್ಮನ ಅಮ್ಮ, ನಿನ್ನ ಆಂದುವಾಂಗ್, ಇಲ್ಲಿ ಚೆನ್ನಾಗಿದ್ದೇನೆ. ಬಲ ಮೊಣಕಾಲೊಂದು ನನ್ನ ಮಾತು ಕೇಳುವುದಿಲ್ಲ. ಉಳಿದವರೆಲ್ಲ ಕೇಳುತ್ತಾರೆ.

ಮೊದಲು ಒಂದು ತಪ್ಪು ತಿದ್ದಿಬಿಡುತ್ತೇನೆ. ನಿನ್ನ ಲಕೋಟೆಯ ಹಿಂಬದಿಯಲ್ಲಿ "ದುಮಸಾರಿ ಲೂಬಿಸ್, ಕೋತಾನೋಪಾನ್" ಎಂದು ಬರೆದಿದ್ದೀಯ. ಅಂಚೆಯವನು ಅಂಗಳದ ನಡುವೆ ಸೈಕಲ್ ನಿಲ್ಲಿಸಿ, ಮರಗೆಣಸು ಹೆಚ್ಚುತ್ತಿದ್ದ ಹೆಂಗಸರೆಲ್ಲ ಕೇಳುವ ಹಾಗೆ, "ಈ ದುಮಸಾರಿ ಯಾರಮ್ಮಾ? ಹೊಸ ನೆಂಟರಾ?" ಅಂದ. ನಮ್ಮ ಮಾರ್ನಿ ಗೊತ್ತಲ್ಲ, ಚಿಪ್ಸ್ ಕರಿಯುವಾಗಲೂ ಬಾಯಿ ಮುಚ್ಚದವಳು. "ನಮ್ಮ ಉಪಿಯಾಕ್‌ಗೆ ಈ ಮನೆ ಪುಟ್ಟ ಹುಡುಗಿಗೆ, ಅವಳ ಅಪ್ಪನ ಅಮ್ಮ ಇಟ್ಟಿರೋ ಹೆಸರು ಕಣಪ್ಪಾ. ಈ ಅಂಗಳದಲ್ಲಿ ಆ ಹೆಸರು ಎತ್ತಿದ್ರೆ ನಿನ್ನನ್ನೂ ಬಾಣಲೆಗೆ ಹಾಕ್ತಾರೆ ನೋಡು" ಎಂದು ನಕ್ಕಳು. ನಾನು ನಗಲಿಲ್ಲ. ನಿನ್ನ ಹೆಸರು ಯುಲ್ಫಾನಿ, ನಿನ್ನ ಅಮ್ಮ ಇಟ್ಟದ್ದು. ನಿನ್ನ ಅಪ್ಪನ ಕಡೆ ಕುಲ ಅಪ್ಪನಿಂದ ಬರುತ್ತದೆ, ನಮ್ಮಲ್ಲಿ ಅಮ್ಮನಿಂದ. ಅವರು ಬೇಕಾದರೆ ನಿನ್ನನ್ನು ಲೂಬಿಸ್ ಅಂದುಕೊಳ್ಳಲಿ. ನೀನು ಪಿಲಿಯಾಂಗ್ ಕುಲದವಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬಳೇ ಮಗಳ ಒಬ್ಬಳೇ ಮಗಳು. ನನ್ನ ತಂಗಿಗೆ ಮೂವರೂ ಗಂಡು. ಈ ಮನೆ, ಕೆರೆಯ ಕೆಳಗಿನ ಗದ್ದೆ, ನನ್ನ ಸೊಂಟದ ಬೀಗದಕೈ, ಯಾವುದೂ ಗಂಡುಮಕ್ಕಳಿಗೆ ಹೋಗುವಂಥದಲ್ಲ. ನೀನು ಬಾರದಿದ್ದರೆ ಈ ಮನೆತನ ನನಗೇ ಮುಗಿಯುತ್ತದೆ. ಇದು ನಿನಗೆ ಗೊತ್ತಿಲ್ಲದ್ದಲ್ಲ.

ಸರಿ. ಈಗ ಸಂತೋಷದ ಮಾತು.

ನಿನ್ನ ಕಾಗದವನ್ನು ಐದು ಸಲ ಓದಿದೆ. ಹೈಸ್ಕೂಲಿಗೆ ಬುಕಿತ್ತಿಂಗಿಗೇ ಸೇರುತ್ತೇನೆ, ನಿಮ್ಮ ಜೊತೆಯಲ್ಲೇ ಇರುತ್ತೇನೆ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಮಾತ್ರ ನಿನ್ನ ಸೋದರಮಾವ ಜುಲ್ಮಾನನ ಕೈಯಲ್ಲಿ ಗಟ್ಟಿಯಾಗಿ ಓದಿಸಿದೆ, ಅಂಗಳಕ್ಕೆ ಕೇಳುವ ಹಾಗೆ. ಮಾರ್ನಿ ಚಾಕು ಕೆಳಗಿಟ್ಟು ಕಣ್ಣೊರೆಸಿಕೊಂಡಳು. ನಾನೂ ಅದೇ ಶಾಲೆಯಲ್ಲಿ ಓದಿದವಳು. ಐವತ್ಮೂರರಲ್ಲಿ ಈ ಊರಿನಿಂದ ಹೈಸ್ಕೂಲು ಮುಗಿಸಿದ ಹೆಣ್ಣುಮಗಳು ನಾನೊಬ್ಬಳೇ. ಆ ಬಾಗಿಲು ದಾಟುವಾಗ ತಲೆ ಎತ್ತಿ ನಡೆ.

ನಿನ್ನ ಅಮ್ಮ ದೆಸ್ಮಿತಾಳ ಕೋಣೆಯನ್ನು ನಿನ್ನೆಯೇ ತೆಗೆಸಿದೆ. ಹಾಸಿಗೆಯ ಹತ್ತಿಯನ್ನು ಬಿಸಿಲಿಗೆ ಹಾಕಿದೆ. ಕಿಟಕಿಯ ಹಲಗೆ ಊದಿಕೊಂಡಿತ್ತು, ಜುಲ್ಮಾನ್ ಕೆತ್ತಿ ಸರಿಮಾಡಿದ್ದಾನೆ. ಈ ತಿಂಗಳ ಇಪ್ಪತ್ತೈದು, ಬುಧವಾರ, ಅವನೇ ಬಂದು ನಿನ್ನನ್ನು ಕರೆತರುತ್ತಾನೆ. ನಾಲ್ಕು ಜೊತೆ ಬಟ್ಟೆ ಸಾಕು. ಅಲ್ಲಿಂದ ಏನನ್ನೂ ಹೊತ್ತು ತರಬೇಡ. ಒಣಮೀನು ಬೇಡ. ನಿನ್ನ ಅಪ್ಪನ ಅಮ್ಮ, ನಿನ್ನ ಓಂಪುಂಗ್, ಕೊಡುವ ಕಾಫಿಪುಡಿಯೂ ಬೇಡ. ಇಲ್ಲಿ ಕಾಫಿ ಬೆಳೆಯುವುದಿಲ್ಲವೆ?

ನೀನು ಬರೆದದ್ದು ನನ್ನನ್ನು ಕಾಡಿದೆ ಎಂದು ಒಪ್ಪಿಕೊಳ್ಳುತ್ತೇನೆ. ಅಲ್ಲಿಯ ಶಾಲೆಯಲ್ಲಿ ನಮ್ಮ ಸೀಮೆಯ ಹೆಸರು ಹಿಡಿದು "ಏ ಪಾದಾಂಗಿನವಳೇ, ಮೆಣಸಿನಕಾಯಿ ಮಾರೋಕೆ ಬಂದ್ಯಾ?" ಅನ್ನುತ್ತಾರಂತೆ. ರಜೆಗೆ ಇಲ್ಲಿಗೆ ಬಂದರೆ ನಮ್ಮ ಬಾವಿಕಟ್ಟೆಯ ಹುಡುಗಿಯರು ನಿನ್ನ ಅಪ್ಪನ ಜನದ ಹೆಸರು ಹಿಡಿದು "ಬತಾಕ್ ಹುಡುಗಿ ಬಂದ್ಳು, ನೀರು ಕೇಳಿದ್ರೂ ಜಗಳಕ್ಕೆ ಬಂದಂಗಿರುತ್ತೆ" ಅನ್ನುತ್ತಾರಂತೆ. ಬಾವಿಕಟ್ಟೆಯವರನ್ನು ನನಗೆ ಬಿಡು, ಮೊನ್ನೆಯೇ ಇಬ್ಬರ ಅಮ್ಮಂದಿರನ್ನು ಕರೆಸಿ ಮಾತಾಡಿದ್ದೇನೆ. ಆದರೆ "ನಾನು ಯಾವ ಕಡೆ ಹೋದ್ರೂ ಇನ್ನೊಂದು ಕಡೆಯವಳು, ಆಂದುವಾಂಗ್" ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಯಾರ ಕೈಯಲ್ಲೂ ಓದಿಸಲಿಲ್ಲ. ನನ್ನ ಕಾಲದಲ್ಲಿ ಎಲ್ಲರೂ ಒಂದೇ ಕಡೆಯವರಾಗಿದ್ದೆವು.

ನಿನಗೆ ಒಂದು ವಿಷಯ ಗೊತ್ತಿಲ್ಲ, ಹೇಳುತ್ತೇನೆ. ಕಳೆದ ವರ್ಷ ರಜೆಗೆ ಬಂದಾಗ ನಾನು ಎರಡು ದಿನ ಒಲೆಯ ಮುಂದೆ ಕೂತು ಮಾಡಿದ ಮಾಂಸದ ರೆಂದಾಂಗನ್ನು ಎರಡು ತುಂಡು ತಿಂದು, ತಟ್ಟೆ ಪಕ್ಕಕ್ಕಿಟ್ಟು, "ಆಂದುವಾಂಗ್, ಓಂಪುಂಗ್ ಮಾಡೋ ಥರ ಮರಗೆಣಸಿನ ಎಲೆ ಕುಟ್ಟಿ ಸಾರು ಮಾಡ್ತೀರಾ?" ಎಂದು ಕೇಳಿದೆ. ಎಲೆ ಬೇಕಾದರೆ ಬೇಯಿಸಿ ಇಡಿಯಾಗಿ ತಿನ್ನು, ಕುಟ್ಟಿ ತಿನ್ನುವುದು ಹಲ್ಲಿಲ್ಲದವರ ಊಟ ಎಂದು ನಾನು ಅಂದೆ. ನೀನು ನಕ್ಕೆ. ನೀನು ಹೋದ ಮೇಲೆ ಪೇಟೆಗೆ ಹೋಗಿ ಒಂದು ಮರದ ಒರಳು ತಂದೆ. ಮಾರ್ನಿ "ಇದೇನಮ್ಮಾ, ಮನೇಲಿ ಯಾರಾದ್ರೂ ಬಾಣಂತಿ ಇದ್ದಾರಾ?" ಎಂದು ಕೇಳಿದಳು. ಯಾರೂ ಇಲ್ಲದ ಹೊತ್ತಿನಲ್ಲಿ ಏಳು ಸಲ ಕುಟ್ಟಿ ಮಾಡಿ ನೋಡಿದೆ. ಏಳು ಸಲವೂ ಕಹಿ. ಆಕೆ ಅದಕ್ಕೆ ಏನು ಹಾಕುತ್ತಾಳೆ ಎಂದು ನಿನ್ನನ್ನು ಕೇಳಬಹುದಿತ್ತು. ಕೇಳಲಿಲ್ಲ. ಈಗಲೂ ಕೇಳುತ್ತಿಲ್ಲ.

ಹೌದು, ನನಗೆ ಹೊಟ್ಟೆಕಿಚ್ಚು. ಅರವತ್ತೆರಡು ವರ್ಷದ ಹೆಂಗಸು, ಹತ್ತು ಜನರ ಜಗಳ ಬಿಡಿಸುವವಳು, ಹೀಗೆ ಬರೆಯಲು ನಾಚಿಕೆಯಾಗಬೇಕು. ನಿನ್ನ ಕೂದಲನ್ನು ಆಕೆ ಹೆಣೆದ ರೀತಿಯಲ್ಲಿ ಬಿಚ್ಚದೆ ಇಲ್ಲಿಗೆ ಬರುತ್ತೀಯ. ಕಾಲು ಎಡವಿದರೆ ಆಕೆಯ ಭಾಷೆಯಲ್ಲಿ ಅಮ್ಮಾ ಅನ್ನುತ್ತೀಯ. ಆಕೆಗೆ ನಾಲ್ಕು ಗಂಡು, ಮೂರು ಹೆಣ್ಣು, ಮೊಮ್ಮಕ್ಕಳು ಎಷ್ಟೋ. ನನಗಿರುವುದು ಒಬ್ಬಳು. ಇಷ್ಟು ಜನರಿದ್ದೂ ಆಕೆಗೆ ನೀನೂ ಬೇಕಾಗಿತ್ತೆ ಎಂದು ಈ ಒಂಬತ್ತು ವರ್ಷ, ನಿನ್ನ ಅಮ್ಮ ತೀರಿಹೋದಾಗಿನಿಂದ, ಪ್ರತಿ ಸಲ ನೀನು ಬಸ್ಸು ಹತ್ತಿ ಹೋದ ಮೇಲೆ ಮನಸ್ಸಿನಲ್ಲೇ ಕೇಳಿದ್ದೇನೆ.

ಈಗ ಏಪ್ರಿಲ್ ತಿಂಗಳ ವಿಷಯ. ನೀನು ಕೇಳಿದ್ದೀಯ, ಉತ್ತರಿಸದೆ ಬಿಡುವುದು ನನ್ನ ಅಭ್ಯಾಸವಲ್ಲ.

ನಿನ್ನ ಟೈಫಾಯ್ಡ್ ವಾಸಿಯಾಗಿ, ಬೆದರಿದ ಜೀವಕ್ಕೆ ಧೈರ್ಯ ತುಂಬುವ ಉಪಾ-ಉಪಾ ಶಾಸ್ತ್ರ ಇಟ್ಟುಕೊಂಡಿದ್ದಾರೆ, ನೀವು ಬರಲೇಬೇಕು ಎಂದು ನಿನ್ನ ಅಪ್ಪ ಬಾಹ್ರುಮ್ ಹೇಳಿ ಕಳಿಸಿದ. ಬಂದೆ. ರಾತ್ರಿಯಿಡೀ ಏಳು ತಾಸು ಬಸ್ಸಿನಲ್ಲಿ ರೆಂದಾಂಗಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಬಂದವಳು ನೇರವಾಗಿ ಅಡುಗೆಮನೆಗೆ ಹೋದೆ. ನಮ್ಮಲ್ಲಿ ಮಗಳ ಮಗಳ ಶಾಸ್ತ್ರ ಎಂದರೆ ಸೌಟು ಅಜ್ಜಿಯ ಕೈಯಲ್ಲೇ ಇರುತ್ತದೆ. ನಿನ್ನ ಅತ್ತೆಯರು ಇಬ್ಬರು ಓಡಿಬಂದು ನನ್ನ ಎರಡೂ ತೋಳು ಹಿಡಿದುಕೊಂಡರು. "ಅಯ್ಯೋ ಬೇಡಿ ಅಮ್ಮಾ, ನೀವು ಸೌಟು ಮುಟ್ಟಿದ್ರೆ ನಮ್ಮ ಮುಖ ಎಲ್ಲಿಡೋಣ? ನಡೀರಿ, ಒಳಗೆ ಕೂತ್ಕೊಳ್ಳಿ." ಒಳಗಿನ ಕೊನೆಯ ಚಾಪೆ. ನಾಲ್ಕು ಪದರದ ಚಾಪೆಯ ಮೇಲೆ ಒಬ್ಬಳನ್ನೇ ಕೂರಿಸಿದರು. ಮಾತಾಡಲು ಯಾರೂ ಇಲ್ಲ. ಬಂದವರೆಲ್ಲ ತಲೆ ತಗ್ಗಿಸಿ ದೂರದಿಂದಲೇ ಹೋಗುತ್ತಿದ್ದರು. ನಿನ್ನ ಓಂಪುಂಗ್ ಅಡುಗೆಮನೆಯಲ್ಲಿ ನಗುತ್ತಾ ಮಾತಾಡುವುದು ಕೇಳುತ್ತಿತ್ತು. ನಮ್ಮ ಮನೆಯಲ್ಲಿ ಹಾಗೆ ಕೂರಿಸುವುದು ಪರಕೀಯರನ್ನು. ಮದುವೆಯಾಗಿ ಬಂದ ಗಂಡನ್ನು, ಊರಾಚೆಯ ಅತಿಥಿಯನ್ನು.

ನಿನ್ನ ಮುಂದೆ ಬಾಳೆಲೆಯ ಮೇಲೆ ಅನ್ನ, ಕೋಳಿ, ಉಪ್ಪು, ಬೇಯಿಸಿದ ಮೊಟ್ಟೆ ಇಟ್ಟರು. ಹಿರಿಯರು ಒಬ್ಬೊಬ್ಬರಾಗಿ ನಿನಗೆ ನಾಲ್ಕು ಮಾತು ಹೇಳಿದರು. ಓಂಪುಂಗ್ ನಿನ್ನ ಬೆನ್ನ ಹಿಂದೆಯೇ ಕೂತಿದ್ದಳು. ನನ್ನನ್ನು ಯಾರೂ ಕರೆಯಲಿಲ್ಲ. ಎಲ್ಲರ ಮಾತೂ ಮುಗಿದ ಹಾಗೆ ಕಂಡಿತು. ಎದ್ದೆ. "ನನ್ನ ಮನೆಯಲ್ಲಿ ಈ ಹುಡುಗಿ ಬೀಗದಕೈ ಇಟ್ಟುಕೊಳ್ಳೋಳು. ಇಲ್ಲಿ ಅವಳ ಅಜ್ಜಿಗೆ ಸೌಟು ಮುಟ್ಟೋಕೂ ಯೋಗ್ಯತೆ ಇಲ್ವಾ?" ಎಂದು ಅಂದೆ. ಅಷ್ಟು ಗಟ್ಟಿಯಾಗಿ ಅನ್ನಬೇಕೆಂದಿರಲಿಲ್ಲ. ನಿನ್ನ ಮುಖ ಕೆಂಪಾದದ್ದನ್ನು ನೋಡಿದೆ. ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟೆ.

ಈಗ ನಿನ್ನ ಕಾಗದದಿಂದ ತಿಳಿಯಿತು. ಅವರಲ್ಲಿ ಹೆಣ್ಣು ಕೊಟ್ಟ ಮನೆಯವರು ಎಲ್ಲರಿಗಿಂತ ಮೇಲಂತೆ. ಒಳಗಿನ ಆ ಕೊನೆಯ ಚಾಪೆಯೇ ಎಲ್ಲಕ್ಕಿಂತ ಮೇಲಿನ ಜಾಗವಂತೆ. ಅವರ ಕೈಯಲ್ಲಿ ಕೆಲಸ ಮಾಡಿಸಿದರೆ ಮನೆಗೇ ಅವಮಾನವಂತೆ. ನನ್ನ ಮಾತು ಕೊನೆಗೆ ಬೀಳಬೇಕಾಗಿತ್ತು, ಅದಕ್ಕೇ ಎಲ್ಲರೂ ಸುಮ್ಮನೆ ಕಾಯುತ್ತಿದ್ದರು. ನನ್ನ ಮಾತಿಲ್ಲದೆ ಮೊಟ್ಟೆ ಮುಟ್ಟುವ ಹಾಗಿಲ್ಲ ಎಂದು ಆಕೆ ಆ ಎಲೆಯನ್ನು ಸಂಜೆಯ ನಮಾಜಿನ ತನಕ ಮುಚ್ಚಿಟ್ಟು, ಆಮೇಲೆ ಎತ್ತಿಟ್ಟಳಂತೆ. ಇದನ್ನೆಲ್ಲ ಮೊದಲೇ ಹೇಳಬಾರದಿತ್ತೆ? ಹೈಸ್ಕೂಲು ಓದಿದವಳಿಗೂ ಹೇಳದೆ ತಿಳಿಯುವುದು ಹೇಗೆ? ಆಕೆ ಹೇಳಲಿಲ್ಲ, ನಾನು ಕೇಳಲಿಲ್ಲ. ಅಷ್ಟೇ ಎಂದುಕೊಂಡು ಬಿಡು.

ಇನ್ನು ನೀನು ಒಂದೂವರೆ ಪುಟ ಬರೆದಿರುವ ಆ ಬಟ್ಟೆಯ ವಿಷಯ.

ನೀನು ಹುಟ್ಟಿದಾಗ ನಿನ್ನನ್ನು ಬೆನ್ನಿಗೆ ಕಟ್ಟಿಕೊಳ್ಳಲು ನಾನು ಕಳಿಸಿದ್ದು, ಕೆಂಪು ಕಪ್ಪು ನೇಯ್ಗೆಯ, ತುದಿಗೆ ಮಣಿಕುಚ್ಚಿರುವ ಪಾರೊಂಪಾ, ಅದನ್ನು ಇವತ್ತಿಗೂ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತೇನೆ ಎಂದು ಬರೆದಿದ್ದೀಯ. ಅಮ್ಮ ಹೋದ ಮೇಲೆ ಓಂಪುಂಗ್ ಅದನ್ನು ನಿನಗೆ ಹೊದಿಸಿ, "ಅಳಬೇಡ ಬುತೆತ್, ನನ್ನ ಪುಟ್ಟಿ, ಇದು ನಿನ್ನ ಅಮ್ಮನ ಅಮ್ಮ ಕೊಟ್ಟಿದ್ದು, ನಿನಗೆ ಇನ್ನೊಂದು ಮನೆ ಇದೆ" ಎಂದಳಂತೆ. ಏಪ್ರಿಲಿನಲ್ಲಿ ನಾನು ಹೊರಟುಹೋದ ಮೇಲೂ ಅದನ್ನು ತೆಗೆದು ನೋಡಿ, ಇಂಥದ್ದನ್ನು ಕೊಟ್ಟವಳು ಎಷ್ಟು ದಿನ ಸಿಟ್ಟಾಗಿರುತ್ತಾಳೆ ಅಂದುಕೊಂಡೆಯಂತೆ. "ನಾನು ನಿಮ್ಮ ಹತ್ತಿರ ಬರೋಕೆ ಕಾರಣ ಆ ಬಟ್ಟೆ, ಆಂದುವಾಂಗ್. ಬೇರೇನೂ ಅಲ್ಲ" ಎಂದು ಬರೆದಿದ್ದೀಯ. ಓದಿ ಸಂತೋಷವಾಯಿತು.

ಒಂದು ತುದಿಯ ಕುಚ್ಚು ಕಾಣೆಯಾದದ್ದಕ್ಕೆ ಓಂಪುಂಗಿನ ಜೊತೆ ಜಗಳವಾಡಿ, ಮೂರು ದಿನ ಮಾತು ಬಿಟ್ಟೆಯಂತೆ. "ನಮ್ಮ ಆಂದುವಾಂಗ್ ಕೊಟ್ಟಿದ್ದಕ್ಕೇ ನಿಮಗೆ ಬೆಲೆ ಇಲ್ಲ" ಎಂದೆಯಂತೆ. ಆಕೆ ತಿರುಗಿ ಒಂದು ಮಾತೂ ಆಡಲಿಲ್ಲವಂತೆ. ವಯಸ್ಸಾದವರ ಕೈ, ಒಗೆಯುವಾಗ ಕಿತ್ತುಹೋಗಿರಬಹುದು. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಬುಧವಾರ ಬೆಳಿಗ್ಗೆ ಏಳಕ್ಕೆಲ್ಲ ಸಿದ್ಧವಾಗಿರು. ಜುಲ್ಮಾನ್ ಹಿಂದಿನ ಸಂಜೆಯೇ ಬಂದು ಪೇಟೆಯಲ್ಲಿ ಉಳಿದಿರುತ್ತಾನೆ. ಬೋಂಜೋಲ್ ದಾಟುವಾಗ ರಸ್ತೆ ಬಹಳ ತಿರುವು, ಕಿಟಕಿಯ ಕಡೆ ಕೂತುಕೊ. ನಿನ್ನ ಅಮ್ಮನಿಗೂ ಅಲ್ಲೇ ವಾಂತಿಯಾಗುತ್ತಿತ್ತು.

ನಿನ್ನ ದಾರಿ ಕಾಯುತ್ತಿರುವ,
ಆಂದುವಾಂಗ್
ಜಸ್ನಿಮಾರ್, ಪಿಲಿಯಾಂಗ್ ಕುಲದ ಹಿರಿಯಳು

ಮರೆತ ಮಾತು: ಮರೆತದ್ದಲ್ಲ. ನಿನ್ನೆ ಈ ಕಾಗದವನ್ನು ಅಂಟಿಸಿ ಅಂಚೆಗೆ ಕೊಡಲು ಜುಲ್ಮಾನನ ಕೈಗೆ ಇಟ್ಟಿದ್ದೆ. ಅವನು ಗೇಟು ದಾಟುವ ಮೊದಲೇ ಕೂಗಿ ವಾಪಸ್ಸು ತೆಗೆದುಕೊಂಡೆ. ಇವತ್ತು ಶುಕ್ರವಾರ.

ಆ ಬಟ್ಟೆ ನಾನು ಕೊಟ್ಟದ್ದಲ್ಲ, ಯುಲ್ಫಾನಿ.

ನೀನು ಹುಟ್ಟಿದ ಹತ್ತನೆಯ ದಿನ ಅಲ್ಲಿಂದ ಹೇಳಿ ಕಳಿಸಿದ್ದರು, ನಮ್ಮ ಪದ್ಧತಿಯಲ್ಲಿ ತಾಯಿಯ ತಾಯಿಯೇ ಮಗುವಿಗೆ ಪಾರೊಂಪಾ ತರಬೇಕು, ದಯವಿಟ್ಟು ಬನ್ನಿ ಎಂದು. ಆಗ ನನಗೆ ದೆಸ್ಮಿತಾ ಗಂಡನನ್ನು ಇಲ್ಲಿಗೆ ಕರೆತರದೆ ತಾನೇ ಅಲ್ಲಿಗೆ ಹೋದಳೆಂಬ ಸಿಟ್ಟು. "ಮಗಳನ್ನು ತಗೊಂಡ್ರು, ಈಗ ಬಟ್ಟೆಯೂ ಬೇಕಾ?" ಎಂದು ಹೇಳಿ, ಸುದ್ದಿ ತಂದವನನ್ನು ಮೆಟ್ಟಿಲಿಂದಲೇ ಹಿಂದೆ ಕಳಿಸಿದೆ. ಹೋಗಲಿಲ್ಲ. ಒಂದು ತುಂಡು ಬಟ್ಟೆಯನ್ನೂ ಕಳಿಸಲಿಲ್ಲ. ನಿನ್ನ ಅಮ್ಮ ಒಮ್ಮೆಯೂ ಅದರ ಮಾತೆತ್ತಲಿಲ್ಲ. ಏಕೆ ಎತ್ತಲಿಲ್ಲ ಎಂದು ಈಗ ತಿಳಿಯುತ್ತಿದೆ. ಅಂಥ ನೇಯ್ಗೆಯನ್ನು ಸಿಪಿರೋಕ್‌ನಲ್ಲಿ ನೇಯಿಸಬೇಕು, ತಿಂಗಳುಗಟ್ಟಲೆ ಕೂರಬೇಕು. ನಿನ್ನ ಓಂಪುಂಗ್ ಅದನ್ನು ತಾವೇ ನೇಯಿಸಿ ತಂದು, ಊರವರ ಮುಂದೆ ನನ್ನ ಹೆಸರು ಹೇಳಿ ನಿನಗೆ ಹೊದಿಸಿದ್ದಾರೆ. ಸೊಸೆಗೆ ತವರಿಲ್ಲ ಎಂದು ಯಾರೂ ಅನ್ನಬಾರದೆಂದು. ಹದಿನೈದು ವರ್ಷ ಅದನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ನೀನು ಮುಖದ ಮೇಲೆ ಹಾಗೆ ಅಂದಾಗಲೂ ಬಾಯಿ ಬಿಡಲಿಲ್ಲ.

ಇದು ನನಗೆ ಗೊತ್ತಾದದ್ದು ನಿನ್ನ ಕಾಗದದಿಂದ. ಗೊತ್ತಾದ ಮೇಲೂ ಮೇಲಿನದನ್ನೆಲ್ಲ ಬರೆದೆ.

ಇನ್ನೊಂದಿದೆ. ನೇರವಾಗಿ ಅಡುಗೆಮನೆಗೆ ಹೋದೆ ಎಂದು ಮೇಲೆ ಬರೆದದ್ದು ನಿಜವಲ್ಲ. ಶಾಸ್ತ್ರದ ದಿನ ಬೆಳಿಗ್ಗೆ, ಅಡುಗೆಮನೆಗೆ ಹೋಗುವ ಮೊದಲು, ನಿನ್ನನ್ನು ನೋಡಲು ಕೋಣೆಗೆ ಬಂದೆ. ನೀನು ನಿದ್ದೆಯಲ್ಲಿದ್ದೆ. ಜ್ವರಕ್ಕೆ ಸೊರಗಿದ ಮುಖ ದೆಸ್ಮಿತಾಳದೇ. ಆ ಬಟ್ಟೆಯನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡಿದ್ದೆ. ಆಕೆ ಕೊಟ್ಟದ್ದು, ಆಕೆಯದನ್ನು ಹೀಗೆ ಹಿಡಿದುಕೊಂಡಿದ್ದಾಳೆ ಎಂದು ನನಗೆ ಕಣ್ಣು ಕತ್ತಲೆಯಾಯಿತು. ನಿನ್ನ ಹಣೆ ಮುಟ್ಟಬೇಕಾದ ಕೈಯಲ್ಲಿ ಕುಚ್ಚನ್ನು ಹಿಡಿದು ಎಳೆದೆ. ದಾರ ಹಳೆಯದು, ಸದ್ದಿಲ್ಲದೆ ಬಂತು. ನೀನು ಏಳಲಿಲ್ಲ. ಅದನ್ನು ಎಲೆಅಡಿಕೆಯ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ, ಅವರು ನನಗೆಂದು ಹಾಸಿದ ಮೇಲಿನ ಚಾಪೆಯ ಮೇಲೆ ಕೂತೆ.

ಹನ್ನೊಂದು ಮಣಿ. ಒಂದೂ ಕಳೆದಿಲ್ಲ. ಈ ಕಾಗದದ ಜೊತೆ ಸಣ್ಣ ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದೇನೆ.

ನೀನು ಬರುತ್ತೇನೆ ಎಂದದ್ದು ಆ ಬಟ್ಟೆಯನ್ನು ನಂಬಿ. ಹಾಗಾಗಿ ಆ ಮಾತನ್ನು ನಿನಗೆ ವಾಪಸ್ಸು ಕೊಡುತ್ತಿದ್ದೇನೆ. ಈ ಮರೆತ ಮಾತನ್ನು ಓಂಪುಂಗಿಗೆ ಗಟ್ಟಿಯಾಗಿ ಓದಿ ಹೇಳು, ಅವರಿಗೆ ನನ್ನ ಅಕ್ಷರ ಓದಲು ಕಷ್ಟವಾಗಬಹುದು. ಓದುವಾಗ ಯಾವ ಸಾಲನ್ನೂ ನುಂಗಬೇಡ.

ಬುಧವಾರ ಜುಲ್ಮಾನ್ ಬರುವುದಿಲ್ಲ. ಅದರ ಹಿಂದಿನ ದಿನ, ಮಂಗಳವಾರ, ನಾನೇ ಬರುತ್ತೇನೆ. ಮೊಟ್ಟೆ ಬೇಯಿಸಲು ಹೇಳು. ಎಲ್ಲಿ ಕೂರಿಸುತ್ತಾರೋ ಅಲ್ಲಿ ಕೂರುತ್ತೇನೆ, ಕೊನೆಯ ತನಕ ಕೂರುತ್ತೇನೆ. ನಿನಗೆ ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಯೋಚಿಸಿಕೊಂಡು ಬರುತ್ತೇನೆ. ಅದಾದ ಮೇಲೆ ನನ್ನ ಜೊತೆ ಬಸ್ಸು ಹತ್ತುತ್ತೀಯೋ ಇಲ್ಲವೋ ನಿನ್ನ ಇಷ್ಟ. ಹತ್ತದಿದ್ದರೆ ಕಾರಣ ಬರೆಯಬೇಡ.

ಸೂಜಿಗೆ ಕೆಂಪು ದಾರ ಪೋಣಿಸಿಟ್ಟಿರು. ಮಣಿಗಳನ್ನು ನಾನು ಒಂದೊಂದಾಗಿ ಎತ್ತಿ ಕೊಡುತ್ತೇನೆ, ಅವರು ಹೊಲಿಯಲಿ. ಸೌಟು ಮುಟ್ಟಬೇಡಿ ಅಂದ ಹಾಗೆ ಅದಕ್ಕೂ ಬೇಡ ಅಂದರೆ, ಬೇಡಿಕೊಳ್ಳುತ್ತೇನೆ.

ಜ.